ಅಪ್ಪ ಏಳದಿದ್ದರೆ

ತೆಲಿಗಿಗೆ ವರ್ಗವಾಗಿ ಬಂದಾಗ ನನ್ನ ಮಗಳಿಗೆ ಐದು ವರ್ಷ. ಅವಳ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹಡಗಲಿಯ ಬಾಡಿಗೆ ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದವಳನ್ನು ಬಿಟ್ಟು ನಾನು ಜೀಪಿಗಾಗಿ ಬೀದಿ ಬೀದಿ ಓಡಿದ್ದೆ. ಜೀಪು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ನನಗೆ ಮನೆಯೊಳಗೇ ಹೆದರಿಕೆ.

ತೆಲಿಗಿಯ ಜನ ದಾರಿಯಲ್ಲಿ ಸಿಕ್ಕರೆ 'ನಮಸ್ಕಾರ್ರಿ ಮೇಷ್ಟ್ರ' ಅನ್ನುತ್ತಿದ್ದರು. ನಾನೂ ಕೈ ಮುಗಿಯುತ್ತಿದ್ದೆ. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಯಾರಾದರೂ ಹೆಂಡತಿಯ ವಿಷಯ ಕೇಳಿಯಾರೆಂದು ನಾನೇ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ಮನೆ ಸೇರಿ ಬಾಗಿಲು ಹಾಕಿಕೊಂಡರೆ ನಾವಿಬ್ಬರೇ.

ಆ ಮನೆಯನ್ನು ಕೋಟೆಯಂತೆ ಸಜ್ಜುಗೊಳಿಸಿದೆ. ಕಂದೀಲಿನಲ್ಲಿ ಸದಾ ಸೀಮೆಎಣ್ಣೆ, ದಿಂಬಿನ ಕೆಳಗೆ ಟಾರ್ಚು, ಬಿಸ್ಕತ್ತಿನ ಡಬ್ಬಿಯಲ್ಲಿ ಜ್ವರ, ವಾಂತಿ-ಭೇದಿಯ ಮಾತ್ರೆಗಳು. ಊರಲ್ಲಿ ಜೀಪು ಇದ್ದವರ ಮನೆ ಯಾವುದೆಂದು ಬಂದ ವಾರದಲ್ಲೇ ನೋಡಿಕೊಂಡಿದ್ದೆ. ಎಲ್ಲ ಆಯಿತು ಅಂದುಕೊಂಡ ದಿನವೇ ಹೊಳೆಯಿತು: ಬೀಳುವವನು ನಾನೇ ಆದರೆ?

ಬಾಗಿಲ ಚಿಲಕ ಮಗಳಿಗೆ ಎಟುಕುತ್ತಿರಲಿಲ್ಲ. ಬಡಿಗನನ್ನು ಕರೆಸಿದೆ.

"ಇಷ್ಟು ಕೆಳಗ ಯಾಕ್ರಿ ಮೇಷ್ಟ್ರ? ನಾಯಿ ತೆಗಿತಾವ," ಅಂದು ನಕ್ಕ.

"ಇರಲಿ, ಹಾಕಪ್ಪ," ಅಂದೆ.

ಆಮೇಲೆ ಮಗಳಿಗೆ ಒಂದು ಆಟ ಕಲಿಸಿದೆ. ನಾನು ಕಣ್ಣು ಮುಚ್ಚಿ ಮಲಗಬೇಕು. ಅವಳು ಅಪ್ಪಾ ಅಪ್ಪಾ ಎಂದು ಕೂಗಿ ಭುಜ ಅಲ್ಲಾಡಿಸಬೇಕು. ಏಳದಿದ್ದರೆ ಚಿಲಕ ತೆಗೆದು, ಪಕ್ಕದ ಕುರಿ ಸಾಕುವವರ ಮನೆಯ ಅಜ್ಜಿಗೆ ಹೇಳಬೇಕು. ಮೊದಮೊದಲು ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಮೂಗು ಹಿಂಡಿ ಓಡುತ್ತಿದ್ದಳು. ಬರಬರುತ್ತಾ ನಗು ನಿಂತಿತು. ಗಂಭೀರವಾಗಿ ಹೊಸ್ತಿಲವರೆಗೆ ಹೋಗಿ ತಿರುಗಿ ಬರುತ್ತಿದ್ದಳು. ಚೆನ್ನಾಗಿ ಕಲಿತಳೆಂದು ನನಗೆ ಸಮಾಧಾನ.

ಬೇಸಿಗೆಯ ಒಂದು ಭಾನುವಾರ, ನೆಗಡಿಯ ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದೆ. ಎಚ್ಚರವಾದದ್ದು ಮುಖಕ್ಕೆ ತಣ್ಣೀರು ಬಿದ್ದಾಗ. ಯಾರೋ ಅಂಗಾಲು ತಿಕ್ಕುತ್ತಿದ್ದರು, ಇನ್ಯಾರೋ ಜಜ್ಜಿದ ಉಳ್ಳಾಗಡ್ಡಿಯನ್ನು ಮೂಗಿಗೆ ಹಿಡಿದಿದ್ದರು. ಮನೆ ತುಂಬ ಜನ. ಹೊರಗೆ ಜೀಪು ಗುರುಗುಡುತ್ತಿತ್ತು.

"ಕಣ್ಣ್ ಬಿಟ್ರು! ಕಣ್ಣ್ ಬಿಟ್ರು!"

"ಏನಾತ್ರಿ ಮೇಷ್ಟ್ರ?" ಪಕ್ಕದ ಮನೆ ಅಜ್ಜಿ ಏದುಸಿರು ಬಿಡುತ್ತಾ ಕೇಳಿದಳು.

"ಏನಿಲ್ಲಬೇ... ನಿದ್ದಿ ಹತ್ತಿತ್ತು."

ಜನ ಗೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನನ್ನ ಮಗಳನ್ನು ಎಳೆದು ಅಪ್ಪಿಕೊಂಡಳು.

"ಈ ಕೂಸು ಅಳಲಿಲ್ಲರಿ. ಬಂದು ಕೈಕಟ್ಟಿ ನಿಂತು, ಪದ್ಯ ಒಪ್ಪಿಸಿದಂಗ ಹೇಳ್ತು, 'ನಮ್ಮಪ್ಪ ಏಳವಲ್ಲ' ಅಂತ. ಯಾರು ಕಲಿಸಿದ್ರು ಇದಕ್ಕ?"

"ನಾನ ಕಲಿಸಿದ್ದು."

"ಕೂಸಿಗೆ ಹೇಳೀರಿ. ಗ್ವಾಡಿ ಆಚಿ ಇರೋ ನಮಗೊಂದು ಮಾತು ಹೇಳಾಕ ನಿಮಗ ಬಾಯಿ ಬರಲಿಲ್ಲೇನು?"

ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಮನೆಯಲ್ಲಿ ಇದ್ದದ್ದು ಮೂರೇ ಲೋಟ. ಒಬ್ಬರು ಕುಡಿದು ತೊಳೆದು ಮತ್ತೊಬ್ಬರಿಗೆ ಕೊಟ್ಟರು. ಯಾರೋ ಮಳೆಯ ಮಾತು ತೆಗೆದರು, ಜೀಪಿನವನು ಹಾದಿ ಕೆಟ್ಟದ್ದನ್ನು ಬೈದ. ಅರ್ಧ ಗಂಟೆ ಆ ಮನೆ ಮನೆಯಂತೆ ಕೇಳಿಸಿತು. ಅವರೆಲ್ಲ ಚಪ್ಪಲಿ ಮೆಟ್ಟಿ ಹೊರಟ ಮೇಲೆ ಬಿದ್ದ ಮೌನವನ್ನು ತಡೆದುಕೊಳ್ಳುವುದು ಹಿಂದಿಗಿಂತ ಕಷ್ಟವಾಯಿತು.

ಮಗಳು ಅಂದು ಉಣ್ಣದೆ ಮಲಗಿದಳು. ಅಂಗೈಯನ್ನು ನನ್ನ ಎದೆಯ ಮೇಲಿಟ್ಟಿದ್ದಳು. ನನ್ನ ಉಸಿರು ಒಂದಿಷ್ಟು ತಡವಾದರೆ ನಿದ್ದೆಯಲ್ಲೇ ಅವಳ ಬೆರಳುಗಳು ಅಲ್ಲಾಡುತ್ತಿದ್ದವು. ನಾನು ಅಲುಗದೆ ಬಿದ್ದುಕೊಂಡಿದ್ದೆ. ಮುಂದಿನ ವಾರ ಆಟದ ಮಾತೆತ್ತಿದಾಗ, "ಬ್ಯಾಡಪ್ಪ," ಅಂದಳು. ಮತ್ತೆ ನಾವದನ್ನು ಆಡಲಿಲ್ಲ.

ಆ ಭಾನುವಾರದ ಮಾರನೆಯ ದಿನದಿಂದ ಅಜ್ಜಿ ಕುರಿ ಹಟ್ಟಿಯ ಕಸ ಗುಡಿಸುತ್ತಾ ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಎದ್ದೀರೇನ್ರಿ ಮೇಷ್ಟ್ರ?" ನಾನು "ಎದ್ದೀನಬೇ" ಅನ್ನುತ್ತಿದ್ದೆ. ರಜೆಯ ದಿನಗಳಲ್ಲಿ ದೊಡ್ಡವರೊಬ್ಬರ ಜೊತೆ ನಾನಾಡಿದ ಮಾತು ಅದೊಂದೇ ಆಗಿರುತ್ತಿತ್ತು.

ಎರಡು ವರ್ಷದ ಮೇಲೆ ಕೊಟ್ಟೂರಿಗೆ ವರ್ಗವಾಯಿತು. ಸಾಮಾನು ಇಳಿಸಿದ ಸಂಜೆಯೇ ಮಗಳ ಕೈ ಹಿಡಿದು ಪಕ್ಕದ ಮನೆಯ ಬಾಗಿಲು ಬಡಿದೆ. ನನ್ನ ವಯಸ್ಸಿನವರೊಬ್ಬರು ತೆರೆದರು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

"ನಾವು ಬಾಜೂ ಮನಿಗೆ ಬಂದೀವ್ರಿ. ಮನಿಯಾಗ ನಾವಿಬ್ಬರ ಇರೋದು," ಎಂದೆ. ಮುಂದಿನ ಮಾತು ಬರಲಿಲ್ಲ.

ಅವರು ನನ್ನನ್ನೂ ಮಗಳನ್ನೂ ಒಂದು ಗಳಿಗೆ ನೋಡಿದರು. ಬಾಗಿಲು ಪೂರ್ತಿ ತೆರೆದು, "ಒಳಗ ಬರ್ರಿ. ನಿಂತು ಮಾತಾಡೋದು ಬ್ಯಾಡ," ಅಂದರು.