ಮಗುವಿನ ತೂಕ, ಅಜ್ಜಿಯ ಕಾಡಿಗೆ

ಮಾರಾಯ್ರೇ, ಮನೆ ಮನೆಗೆ ಹೋಗಿ ಮಕ್ಕಳ ತೂಕ ನೋಡುವ ನರ್ಸ್ ಆದ ನನಗೆ ಇವತ್ತು ಪುಂಜಾಲಕಟ್ಟೆಯ ಅಜ್ಜಿಯೊಬ್ಬರಿಂದ ಬೈಗುಳ ಸಿಕ್ಕಿತು. ಅದೂ ಅವರ ಮೊಮ್ಮಗಳ ತೂಕ ಏರಿದ್ದಕ್ಕೆ!

ಹುಟ್ಟುವಾಗಲೇ ತೀರಾ ಸಣ್ಣಗಿದ್ದ ಮಗು. ಹೋದ ವಾರ ತೂಕ ಏರದೆ ನನಗೂ ಹೆದರಿಕೆಯಾಗಿತ್ತು. ಇವತ್ತು ಏರಿದ್ದು ನೋಡಿ ಜೋರಾಗಿ ಹೇಳಿಬಿಟ್ಟೆ.

"ಮೆಲ್ಲ ಹೇಳಿ ಸಿಸ್ಟರೇ, ದೃಷ್ಟಿಯಾಗ್ತದೆ!" ಅಂತ ಅಜ್ಜಿ ಕಾಡಿಗೆ ಡಬ್ಬಿ ತಂದರು.

"ಮಗುವಿನ ಕಣ್ಣಿಗೆ ಹಚ್ಚಬೇಡಿ, ಸೋಂಕಾಗ್ತದೆ" ಅಂದೆ.

ಅಜ್ಜಿ ಸ್ವಲ್ಪ ಯೋಚಿಸಿ, ನನ್ನ ತೂಕದ ಯಂತ್ರಕ್ಕೇ ದಪ್ಪ ಬೊಟ್ಟಿಟ್ಟರು.

ಮುಂದಿನ ಮನೆಯಲ್ಲಿ ಆ ಬೊಟ್ಟು ಒರೆಸಲು ಹೋದರೆ ಅಲ್ಲಿಯ ಬಾಣಂತಿ ಕೈ ಹಿಡಿದಳು: "ನಮ್ಮ ಮಗುವನ್ನೂ ತೂಗಿದ ಮೇಲೆ ಒರೆಸಿ."

ಇನ್ನೂ ಒರೆಸಲಿಲ್ಲ. ನಾಳೆಯೂ ಎರಡು ಸಣ್ಣ ಮಕ್ಕಳನ್ನು ತೂಗಲಿಕ್ಕುಂಟು.