ಶುಂಠಿ ಸೋಡಾದ ಕ್ಯಾನು ಮತ್ತು ಕಾಕನ ಗ್ಲಾಸು

ಮಸ್ಕತ್ತಿನ ಆಚೆ ಅಲ್ ಮಬೇಲಾದಲ್ಲಿ ನಾನು ಹನ್ನೊಂದು ವರ್ಷ ಏಸಿ, ಫ್ರಿಜ್ ರಿಪೇರಿ ಮಾಡಿಕೊಂಡಿದ್ದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವುದು, ಬಿಚ್ಚಿದ್ದಕ್ಕೆ ಇನ್ನೇನನ್ನಾದರೂ ಸೇರಿಸುವುದು ನನ್ನ ಚಟ. ಹೆಂಡತಿಯ ಮಿಕ್ಸಿಗೆ ಫ್ಯಾನಿನ ರೆಗ್ಯುಲೇಟರ್ ಕೂರಿಸಿ ಅವಳಿಂದ ಬೈಸಿಕೊಂಡಿದ್ದೇನೆ. ಶುಂಠಿ ಸೋಡಾದ ಕಥೆ ಶುರುವಾದದ್ದೂ ಹೀಗೆಯೇ, ಎಂಬತ್ತರ ದಶಕದ ಕೊನೆಯಲ್ಲಿ.

ನಮ್ಮ ವರ್ಕ್‌ಶಾಪಿನ ಪಕ್ಕದಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿಯವರೊಬ್ಬರ ದಿನಸಿ ಅಂಗಡಿ ಇತ್ತು. ನನಗಿಂತ ಹದಿನೈದು ವರ್ಷ ದೊಡ್ಡವರು, ಎಲ್ಲರಿಗೂ ಕಾಕ. ನಾನು ಅವರಿಗೆ ಮೇಸ್ತ್ರಿ. ನಾವಿಬ್ಬರೇ ಇದ್ದಾಗ ತುಳು. ನನ್ನ ಹೆಂಡತಿ ಕುಂದಾಪುರದವಳು, ತುಳು ಬಾರದು, ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ. ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಅವರು ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಅವರಿಗಾಗಿ ಮೀನು ಇರುತ್ತಿತ್ತು. ತಿನ್ನುವ ಕುಡಿಯುವ ವಿಷಯದಲ್ಲಿ ಕಾಕ ಬಹಳ ಕಟ್ಟುನಿಟ್ಟು. ಬಿಸ್ಕತ್ತಿನ ಪೊಟ್ಟಣದ ಹಿಂಭಾಗ ಓದದೆ ತಿನ್ನುವವರಲ್ಲ. ಕೆಮ್ಮಿನ ಔಷಧಿಯಲ್ಲಿ ಸ್ಪಿರಿಟ್ ಇದೆಯೇ ಎಂದು ಫಾರ್ಮಸಿಯವನನ್ನು ಎರಡು ಸಲ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ.

ಊಟದ ಮೇಲೆ ಅವರಿಗೆ ಹೊಟ್ಟೆಯುಬ್ಬರ. ಹೆಂಡತಿ ಶುಂಠಿ ಪಾನಕ ಮಾಡಿಕೊಡುತ್ತಿದ್ದಳು. ಒಂದು ದಿನ ಕಾಕ, ಇದರಲ್ಲಿ ಊರಿನ ಗೋಲಿ ಸೋಡಾದ ಹಾಗೆ ಗ್ಯಾಸ್ ಇದ್ದಿದ್ದರೆ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಮೊದಲು ಉಪ್ಪಿನಕಾಯಿ ಜಾಡಿಯಲ್ಲಿ ಶುಂಠಿ, ಸಕ್ಕರೆ, ನಿಂಬೆರಸ ಹಾಕಿ, ಬೇಕರಿಯಿಂದ ತಂದ ಒಂದು ಚಿಟಿಕೆ ಈಸ್ಟ್ ಸೇರಿಸಿ ಬಟ್ಟೆ ಕಟ್ಟಿಟ್ಟೆ. ಎರಡು ದಿನಕ್ಕೆ ನೊರೆ ಬಂತು, ಗ್ಯಾಸ್ ನಿಲ್ಲಲಿಲ್ಲ. ಆಮೇಲೆ ಶರಬತ್ತಿನ ಬಾಟಲಿಗಳಿಗೆ ತುಂಬಿ ಬಿರಡೆ ಬಿಗಿದೆ. ಮೇ ತಿಂಗಳ ಸೆಕೆಗೆ ಮೂರು ಬಾಟಲಿ ಒಂದರ ಹಿಂದೆ ಒಂದು ಸಿಡಿದವು. ಅಡುಗೆಮನೆಯ ಮಾಡು ಒಂದು ವಾರ ಅಂಟಂಟು. ಹೆಂಡತಿ ಸ್ಟೂಲು, ಬಾಲ್ದಿ, ಬಟ್ಟೆ ತಂದು ನನ್ನೆದುರು ಇಟ್ಟು ಹೋದಳು.

ಮೂರನೆಯದು ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಕಾಯಿಸಿದ ಸ್ಕ್ರೂಡ್ರೈವರಿನಿಂದ ಮುಚ್ಚಳಕ್ಕೆ ತೂತು ಹೊಡೆದು, ಹಳೆ ಕಾರಿನ ವಯರಿಂಗಿನ ರಬ್ಬರ್ ಬಳೆ ಕೂರಿಸಿ, ಅದೇ ಕಾರಿನ ಗಾಜು ತೊಳೆಯುವ ನೀರಿನ ಸಣ್ಣ ಪೈಪನ್ನು ಅದರಿಂದ ಒಂದು ಲೋಟ ನೀರಿಗೆ ಇಳಿಬಿಟ್ಟೆ. ಒಳಗಿನ ಗ್ಯಾಸ್ ಗುಳುಗುಳು ಎಂದು ಹೊರಗೆ ಬರುತ್ತಿತ್ತು, ಹೊರಗಿನ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಇನ್ನುಳಿದದ್ದು ಸೆಕೆ. ಗುಜರಿ ಏಸಿಯ ತಾಮ್ರದ ಪೈಪನ್ನು ಸುರುಳಿ ಸುತ್ತಿ ಕ್ಯಾನಿನೊಳಗೆ ಇಳಿಸಿ, ಅದರಲ್ಲಿ ತಣ್ಣೀರು ಹರಿಯಲಿ ಎಂದು ತಣ್ಣೀರಿನ ನಲ್ಲಿಗೆ ಜೋಡಿಸಿದೆ. ಬೇಸಿಗೆಯಲ್ಲಿ ಅಲ್ಲಿ ಆ ನಲ್ಲಿಗೆ ಬರುವ ತಾರಸಿ ಟ್ಯಾಂಕಿನ ನೀರು ಕುದಿಯುವಷ್ಟು ಬಿಸಿ. ತಣ್ಣೀರು ಬೇಕಾದವರು ಗೀಸರ್ ಆಫ್ ಮಾಡಿ, ಮನೆಯೊಳಗಿನ ನೆರಳಲ್ಲಿ ತಣಿದ ಗೀಸರಿನ ನೀರನ್ನೇ ಬಿಟ್ಟುಕೊಳ್ಳುತ್ತಾರೆ. ನಾನೂ ದಿನಾ ಹಾಗೆಯೇ ಸ್ನಾನ ಮಾಡುತ್ತಿದ್ದೆ. ಸ್ನಾನಕ್ಕೆ ಇದ್ದ ಬುದ್ಧಿ ಪೈಪ್ ಜೋಡಿಸುವಾಗ ಎಲ್ಲಿ ಹೋಗಿತ್ತೋ. ಇಡೀ ಕ್ಯಾನು ಬಿಸಿಯಾಗಿ ಈಸ್ಟ್ ಸತ್ತುಹೋಯಿತು. ಮರುದಿನ ಪೈಪನ್ನು ಆಫ್ ಮಾಡಿದ ಗೀಸರಿಗೆ ಬದಲಾಯಿಸಿ, ಹೊಸದಾಗಿ ಈಸ್ಟ್ ಹಾಕಿದೆ.

ಆಗ ನಿಜವಾಗಿ ಒಳ್ಳೆಯ ಸೋಡಾ ಬಂತು. ತಂಪಿನಲ್ಲಿ ನಿಧಾನವಾಗಿ, ಮೂರು ವಾರ ಹಿಡಿದು, ಸಿಹಿ ಕಮ್ಮಿಯಾಗಿ, ಕೊನೆಯೆರಡು ದಿನ ಪೈಪಿನ ಬಾಯಿ ಕಟ್ಟಿದ್ದರಿಂದ ಮೂಗಿಗೆ ಹೊಡೆಯುವ ಗ್ಯಾಸಿನೊಂದಿಗೆ. ಕಾಕ ತಮ್ಮ ಗ್ಲಾಸಿಗೆ ಒಂದು ಚಮಚ ಸಕ್ಕರೆ ಹಾಕಿಕೊಂಡು ಎರಡೆರಡು ಸಲ ಕುಡಿದರು. ಮಾತನ್ನು ಅಳೆದು ಆಡುವ ಮನುಷ್ಯ ಶುಕ್ರವಾರ ಮಧ್ಯಾಹ್ನ ತಾಯಿಯ ಬಗ್ಗೆ, ನೇತ್ರಾವತಿಯಲ್ಲಿ ಈಜಿದ ಬಗ್ಗೆ ಇಳಿಹೊತ್ತಿನ ಅಸರ್ ಬಾಂಗಿನವರೆಗೆ ಹೇಳತೊಡಗಿದರು. ಎಲ್ಲಾ ಶುಂಠಿಯ ಗುಣ ಎಂದರು. ನಾನೂ ಬೀಗಿದೆ.

ಸೋಡಾ ಯಾವಾಗ ತಯಾರಾಯಿತೆಂದು ತಿಳಿಯಲು ನನಗೊಂದು ಅಳತೆ ಬೇಕಿತ್ತು. ಬ್ಯಾಟರಿ ಆಸಿಡ್ ನೋಡುವ ತೇಲುಗೊಳವೆ ಇದಕ್ಕೆ ಹೊಂದುವುದಿಲ್ಲ. ಅದನ್ನು ನೋಡಿ, ಪಾರದರ್ಶಕ ಪೆನ್ನಿನ ಕೊಳವೆಯ ತಳಕ್ಕೆ ಬೆಸುಗೆಯ ಸೀಸದ ಚೂರು ಹಾಕಿ, ಎರಡೂ ತುದಿ ಅಂಟಿನಿಂದ ಮುಚ್ಚಿ ನಾನೇ ಒಂದು ಮಾಡಿಕೊಂಡೆ. ಬರಿ ನೀರಿನಲ್ಲಿ ಎಲ್ಲಿಯವರೆಗೆ ಮುಳುಗುತ್ತದೋ ಅಲ್ಲಿ ಅರದಿಂದ ಒಂದು ಗೆರೆ. ಸಕ್ಕರೆ ನೀರಿನಲ್ಲಿ ಅದು ಗೆರೆಗಿಂತ ಮೇಲೆದ್ದು ನಿಂತಿತು. ಗ್ಯಾಸಿನ ಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆಂದು, ಮೂರು ವಾರದ ಸೋಡಾವನ್ನು ಚಮಚದಿಂದ ಚೆನ್ನಾಗಿ ಕದಡಿ, ಗ್ಯಾಸ್ ಬಿಟ್ಟು ಕೊಳವೆ ಇಳಿಸಿದೆ. ಅದು ನೀರಿನ ಗೆರೆಗಿಂತಲೂ ಸ್ವಲ್ಪ ಕೆಳಗೆ ಮುಳುಗಿತು.

ನೀರಿಗಿಂತ ಹಗುರವಾದದ್ದು ಅದರಲ್ಲಿತ್ತು. ಈಸ್ಟ್ ಸಕ್ಕರೆಯನ್ನು ಕೊನೆಗೆ ಸ್ಪಿರಿಟ್ ಮಾಡುತ್ತದೆಂದು ನನಗೆ ತಿಳಿಯದ್ದೇನಲ್ಲ. ಎರಡು ದಿನದ ಜಾಡಿಯಲ್ಲಿ ಹೆಸರಿಗಷ್ಟೇ ಇದ್ದದ್ದು ಈಗ ಸರಿಯಾಗಿಯೇ ಇತ್ತು. ಕಾಕನ ಮಾತು ಎಲ್ಲಿಂದ ಬರುತ್ತಿತ್ತೆಂದು ಆಗ ಹೊಳೆಯಿತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆದರೆ ಹೇಳಲಿಲ್ಲ. ಹೇಳಿದರೆ ಅವರು ಬರುವುದನ್ನು ಬಿಡುತ್ತಾರೆ ಎಂಬ ಚಿಂತೆ ಒಂದು ಕಡೆ. ಇಷ್ಟು ಕಷ್ಟಪಟ್ಟು ಕಟ್ಟಿದ ಯಂತ್ರ ಎಂಬ ಜಂಬ ಇನ್ನೊಂದು ಕಡೆ. ಹೀಗೆ ಮೂರು ಶುಕ್ರವಾರ ಅವರು ಕುಡಿದರು, ನಾನು ನೋಡಿದೆ.

ಕೊನೆಗೆ ಹೆಂಡತಿಗೆ ಹೇಳಿದೆ. ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಬಿಟ್ಟು ಕೈ ಒರೆಸಿಕೊಂಡಳು.

"ಅವ್ರ್ ನಮ್ ಮನಿ ಅಂದೇಳಿ ನಂಬಿ ಕುಡಿತ್ರ್. ಇನ್ನ್ ಹೇಳ್ದೆ ಇಪ್ಪುಕಾಗ," ಅಂದಳು.

ಇನ್ನು ಹೇಳದೆ ಇರಬಾರದೆಂದು ಕಾಕನ ಅಂಗಡಿಗೆ ಹೋಗಿ, ಕೊಳವೆಯನ್ನು ಕೌಂಟರಿನ ಮೇಲಿಟ್ಟು, ಗೆರೆ ತೋರಿಸಿ ಎಲ್ಲ ಹೇಳಿದೆ. ಕಾಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದು ನಿಮಗೆ ಯಾವಾಗ ಗೊತ್ತಾಯಿತು ಎಂದಷ್ಟೇ ಕೇಳಿದರು. ಮೂರು ವಾರವಾಯಿತು ಎಂದೆ.

ಕೊಳವೆಯನ್ನು ಕೆಳಗಿಟ್ಟು, "ಗೊತ್ತಿಲ್ಲದೆ ಕುಡಿದದ್ದನ್ನು ನಾನು ಅಲ್ಲಾಹನ ಹತ್ರ ಹೇಳಿಕೊಳ್ತೇನೆ ಮೇಸ್ತ್ರಿ. ಆ ಮೂರು ಶುಕ್ರವಾರದ್ದನ್ನು ನೀವು ನನ್ನ ಹತ್ರ ಹೇಳ್ಬೇಕಿತ್ತು," ಎಂದರು.

ಅವರು ಜಗಳವಾಡಲಿಲ್ಲ. ಸಾಮಾನಿಗೆ ಹೋದರೆ ಕೊಡುತ್ತಿದ್ದರು, ಬೇರೆ ಎಂತ ಬೇಕು ಎಂದು ಕೇಳುತ್ತಿದ್ದರು. ಊಟಕ್ಕೆ ಮಾತ್ರ ಬರಲಿಲ್ಲ. ಐದು ತಿಂಗಳು ಶುಕ್ರವಾರದ ಮೀನು ನಮ್ಮಿಬ್ಬರಿಗೆ ಹೆಚ್ಚಾಗುತ್ತಿತ್ತು.

ನನಗೆ ತಿಳಿದದ್ದು ರಿಪೇರಿ ಒಂದೇ. ಹಳೆ ಕ್ಯಾನನ್ನು ಒಡೆದು ಎಸೆದೆ. ದಪ್ಪ ಸ್ಟೀಲಿನ ಪಾತ್ರೆಗೆ ಮುಚ್ಚಳ ಬೆಸೆದು, ಏಸಿಯ ಹಿತ್ತಾಳೆ ವಾಲ್ವ್ ಹಾಕಿ, ತಂಪು ಪಾನೀಯ ತುಂಬುವವರ ಹತ್ತಿರ ಗ್ಯಾಸಿನ ಸಿಲಿಂಡರ್ ಕೇಳಿ ತಂದೆ. ಈಸ್ಟ್ ಇಲ್ಲವೇ ಇಲ್ಲ. ತಣ್ಣಗಿನ ಪಾನಕಕ್ಕೆ ಗ್ಯಾಸ್ ಒತ್ತಿದರೆ ಅರ್ಧ ಗಂಟೆಯಲ್ಲಿ ಸೋಡಾ. ಕಾಕನನ್ನು ಕರೆದೆ. ಬಂದರು, ಯಂತ್ರವನ್ನು ಸುತ್ತ ನೋಡಿದರು. ಆ ಕೊಳವೆ ಹಾಕಿ ತೋರಿಸಿದರೆ ಕುಡಿಯುತ್ತೇನೆ, ಅದೂ ನನ್ನ ಗ್ಲಾಸಿನಲ್ಲೇ ಹಾಕಬೇಕು ಎಂದರು.

ಹಾಗೆ ಪ್ರತಿ ಶುಕ್ರವಾರ ಅವರ ಗ್ಲಾಸನ್ನು ಚಮಚದಿಂದ ಕದಡಿ, ಗ್ಯಾಸನ್ನೆಲ್ಲ ಬಿಟ್ಟು, ಕೊಳವೆ ಇಳಿಸುತ್ತಿದ್ದೆ. ಸಕ್ಕರೆ ಸಕ್ಕರೆಯಾಗಿಯೇ ಇದೆಯೆಂದು ಅದು ಗೆರೆಯಿಂದ ಎತ್ತರಕ್ಕೆ ನಿಲ್ಲುತ್ತಿತ್ತು. ಆಮೇಲೆ ಕಾಕ ಆ ಸಪ್ಪೆ ಪಾನಕವನ್ನು ಕುಡಿಯುತ್ತಿದ್ದರು. ಇಷ್ಟೆಲ್ಲ ಕಟ್ಟಿದ್ದು ಅವರಿಗೆ ಗ್ಯಾಸ್ ಬೇಕೆಂದು, ಗ್ಯಾಸ್ ಸಿಗದವರು ಅವರೊಬ್ಬರೇ. ಎರಡು ವರ್ಷ ಹೀಗೆಯೇ ನಡೆಯಿತು.

ಒಂದು ಶುಕ್ರವಾರ ಸಿಲಿಂಡರ್ ಖಾಲಿಯಾಗಿ ಬೇರೆ ಕಡೆಯಿಂದ ತಂದಿದ್ದೆ. ಪಾನಕಕ್ಕೆ ಎಂಥದೋ ಎಣ್ಣೆಯ ವಾಸನೆ ಬಂತು. ಕಾಕ ಚಪ್ಪಲಿ ಬಿಡುವ ಮೊದಲೇ ಬಾಗಿಲಿಗೆ ಹೋಗಿ, ಇವತ್ತು ಕುಡಿಯಬೇಡಿ, ಇದರೊಳಗೆ ಏನಿದೆಯೆಂದು ನನಗೇ ಗೊತ್ತಿಲ್ಲ ಎಂದೆ. ಪಾತ್ರೆಯಲ್ಲಿದ್ದದ್ದನ್ನೆಲ್ಲ ಅವರೆದುರೇ ಚೆಲ್ಲಿದೆ. ಅವರು ಊಟ ಮಾಡಿ, ನೀರು ಕುಡಿದು ಹೋದರು.

ಮುಂದಿನ ವಾರ ಹಳೆ ಕಡೆಯದೇ ಸಿಲಿಂಡರ್ ತಂದೆ. ಊಟವಾಯಿತು. ಅವರ ಗ್ಲಾಸು ತುಂಬಿಸಿ, ಕದಡಲು ಚಮಚ ಎತ್ತಿದೆ. ಕಾಕ ನನ್ನ ಮಣಿಕಟ್ಟು ಹಿಡಿದರು.

"ಗ್ಯಾಸ್ ಬಿಡುದು ಬೇಡ ಮೇಸ್ತ್ರಿ," ಎಂದರು.

ಗ್ಲಾಸನ್ನು ಎತ್ತಿ ಒಂದೇ ಸಲಕ್ಕೆ ಅರ್ಧ ಕುಡಿದರು. ಗ್ಯಾಸ್ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ನಾನಿನ್ನೂ ಕುಡಿದಿರಲಿಲ್ಲ. ಹೆಂಡತಿ ಬಂದು ಚಮಚವನ್ನೂ ಕೊಳವೆಯನ್ನೂ ಒಳಗೆ ತೆಗೆದುಕೊಂಡು ಹೋದಳು. ಕಾಕ ಉಳಿದರ್ಧವನ್ನೂ ಮುಗಿಸಿ, ಗ್ಲಾಸನ್ನು ನನ್ನ ಕಡೆ ಸರಿಸಿ, ಇನ್ನೊಂದು ಕೇಳಿದರು.