ಹೊಸ್ತಿಲಲ್ಲಿ ಕೇಳದೆ ಉಳಿದದ್ದು

ಹಳೆಯ ಉಣ್ಣೆಯ ಕಂಬಳಿಯನ್ನು ಕೊಳ್ಳುವಾಗ ಮೊದಲು ಮೂಸಿ ನೋಡಬೇಕು, ಆಮೇಲೆ ಬೆಳಕಿಗೆ ಹಿಡಿಯಬೇಕು, ಕೊನೆಗೆ ಮಾರಲು ಬಂದವನ ಮುಖವನ್ನೇ ನೋಡುತ್ತ ‘ಇದು ಎಲ್ಲಿಂದ ಬಂತು?’ ಎಂದು ಕೇಳಬೇಕು. ಮುಗ್ಗಲು ಮೂಗಿಗೆ ಸಿಕ್ಕುತ್ತದೆ, ನುಸಿ ಕೊರೆದ ತೂತು ಬೆಳಕಿಗೆ ಸಿಕ್ಕುತ್ತದೆ, ಮಿಕ್ಕ ಹುಳುಕೆಲ್ಲ ಆ ಪ್ರಶ್ನೆಗೆ ಸಿಕ್ಕಿಬೀಳುತ್ತದೆ. ಭೂಮಿಯ ದಕ್ಷಿಣ ತುದಿಗೆ ಹತ್ತಿರದ ಡನೀಡಿನ್ ಊರಿನ ಏರುರಸ್ತೆಯೊಂದರಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟುಕೊಂಡು, ಗ್ಯಾರೇಜಿನಲ್ಲಿದ್ದ ಮೂರು ಕುಂಟು ಕುರ್ಚಿಗಳಿಂದ ಇಂದಿನ ಎರಡು ಮಳಿಗೆಗಳವರೆಗೆ ಒಬ್ಬಳೇ ನಡೆದು ಬಂದ ನಾನು, ಕಲಿತದ್ದೇನೆಂದು ಯಾರಾದರೂ ಕೇಳಿದರೆ ಈ ಒಂದು ಪ್ರಶ್ನೆಯನ್ನೇ ಹೇಳಿಕೊಡುತ್ತೇನೆ. ಕೇಳದವರಿಗೂ ಹೇಳಿಕೊಡುತ್ತೇನೆ, ಅದು ಬೇರೆ ಮಾತು. ಬಾಡಿಗೆ ಮನೆಯ ಗೋಡೆಗೆ ಕೈಯಿಟ್ಟು ತೇವ ನೋಡಿರೆಂದೂ, ಹೀಟರನ್ನು ಅರ್ಧ ಗಂಟೆ ಹಚ್ಚಿಸಿ ನೋಡದೆ ಒಯ್ಯಬೇಡಿರೆಂದೂ ವಿದ್ಯಾರ್ಥಿಗಳಿಗೆ ನಾನು ಉಪದೇಶಿಸಿದ್ದಕ್ಕೆ ಲೆಕ್ಕವಿಲ್ಲ.

ಇಷ್ಟೆಲ್ಲ ಕೇಳುವ ಬಾಯಿ ಒಂದು ಪ್ರಶ್ನೆಯನ್ನು ಮಾತ್ರ ಎಂದೂ ಕೇಳಿದ್ದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ, ಚಪ್ಪಲಿ ಮೆಟ್ಟಿ ಹೊಸ್ತಿಲಿಗೆ ಬಂದವರನ್ನು ‘ಎಲ್ಲಿಗೆ?’ ಎಂದು ಕೇಳಿದ ಮಗುವಿನ ತಲೆಯ ಮೇಲೆ ಅಜ್ಜಿಯ ಮೊಟಕು ತಪ್ಪುತ್ತಿರಲಿಲ್ಲ. ಹೊರಟವರನ್ನು ತಡೆದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಕೆಲಸದ ಜೊತೆಗೆ ಇನ್ನೇನು ಕೆಡುವುದೋ ಯಾರು ಬಲ್ಲರು. ತಿಳಿಯಲೇಬೇಕಾದರೆ ‘ದೂರಾನಾ?’ ಎನ್ನಬೇಕು. ಅದು ಕೇಳಿಯೂ ಕೇಳದ ಹಾಗಿರುವ ಮಾತು. ಉತ್ತರ ಕೊಟ್ಟರೂ ಸರಿ, ನಕ್ಕು ಹೋದರೂ ಸರಿ. ನೀವೂ ಹಾಗೆಯೇ ಬೆಳೆದವರಿರಬಹುದು. ನಂಬಿಕೆ ಹೋದಮೇಲೂ ನಾಲಿಗೆ ಹಾಗೆಯೇ ಹಿಂಜರಿಯುತ್ತದೆ. ಸಮುದ್ರ ದಾಟಿ ಬರುವಾಗ ನಾನು ಬಿಟ್ಟು ಬಂದ ಶಾಸ್ತ್ರಗಳು ಬಹಳ. ಇದೊಂದು ಮಾತ್ರ ತೂಕವಿಲ್ಲದ್ದರಿಂದಲೋ ಏನೋ, ಪೆಟ್ಟಿಗೆಯಲ್ಲಿ ತಾನಾಗಿ ಕೂತು ಬಂದುಬಿಟ್ಟಿತ್ತು.

ಪಲ್ಲವಿ ನನ್ನ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಾಗ ಅವಳಿಗೆ ಇಪ್ಪತ್ತಾರು. ರಾಣೆಬೆನ್ನೂರಿನ ಹುಡುಗಿ, ಊರ ಕಡೆ ದಂತವೈದ್ಯಕೀಯ ಓದಿ ಮುಗಿಸಿದವಳು. ಈ ದೇಶದಲ್ಲಿ ಹಲ್ಲು ಮುಟ್ಟಬೇಕಾದರೆ ಮತ್ತೆ ಪರೀಕ್ಷೆ ಬರೆಯಬೇಕು. ಬರೆಯುವುದರಲ್ಲಿ ಪಾಸಾಗಿದ್ದಳು, ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೊಂದು ಬಾಕಿಯಿತ್ತು. ಅದು ಮುಗಿಯುವವರೆಗೆ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಬೇರೊಬ್ಬರ ಕೈಗೆ ಸಲಕರಣೆ ಎತ್ತಿಕೊಡುತ್ತಿದ್ದಳು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ದವಡೆಯನ್ನಿಟ್ಟುಕೊಂಡು, ಅಕ್ಕಿಕಾಳಿನಷ್ಟು ಜಾಗದಲ್ಲಿ ಗಂಟೆಗಟ್ಟಲೆ ಕೆತ್ತುತ್ತಿದ್ದಳು. ಭಾನುವಾರ ಬಂತೆಂದರೆ ಜೋಳದ ರೊಟ್ಟಿ ಬಡಿದು, ಕಟಕಟ ಒಣಗಿಸಿ, ಡಬ್ಬಿ ತುಂಬುತ್ತಿದ್ದಳು. ಅವಳ ಬೆರಳುಗಳನ್ನು ನೋಡುತ್ತ ಕೂರುವುದು ನನಗೆ ಒಂದು ಸುಖ. ಒಳ್ಳೆಯ ಕೈಗೆಲಸ ಕಂಡರೆ ಬೆಲೆ ಕಟ್ಟದೆ ಬಿಡದ ನಾನು ಅವಳಿಗೆ ಹೇಳುತ್ತಿದ್ದೆ: “ಈ ಕೈಗೆ ವಿಮೆ ಮಾಡಿಸೇ ಹುಡುಗಿ.”

“ಪ್ರೀಮಿಯಮ್ ನೀವು ಕಟ್ಟೋದಾದ್ರ ಮಾಡಸ್ತೀನ್ರಿ ಆಂಟಿ,” ಎನ್ನುತ್ತಿದ್ದಳು.

ಬೆಟ್ಟದ ಹುಚ್ಚು ಅವಳಿಗೆ ಇಲ್ಲಿಗೆ ಬಂದಮೇಲೆ ಹತ್ತಿದ್ದು. ಬೇಸಿಗೆಯಲ್ಲಿ ಕ್ಲಿನಿಕ್ಕಿನವರ ಜೊತೆ ಎರಡು ಮೂರು ಕಡೆ ನಡೆದು, ನಡೆಯುವವರಿಗೆಂದೇ ಕಟ್ಟಿದ ಬೆಟ್ಟದೊಳಗಿನ ಗುಡಿಸಲುಗಳಲ್ಲಿ ಮಲಗಿ ಬಂದಿದ್ದಳು. ಇಲ್ಲಿಗೆ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಶನಿವಾರ, ಅಂಗಳದ ಹುಲ್ಲೆಲ್ಲ ಇಬ್ಬನಿ ಗಟ್ಟಿಯಾಗಿ ಬೆಳ್ಳಗಿದ್ದ ಬೆಳಿಗ್ಗೆ, ಬೆನ್ನಿಗೆ ಚೀಲ ಹಾಕಿ ಬಾಗಿಲಲ್ಲಿ ಬೂಟಿನ ದಾರ ಬಿಗಿಯುತ್ತಿದ್ದಳು. ಅವಳ ಪರೀಕ್ಷೆಗೆ ಆರು ವಾರವಿತ್ತು. ನಾನು ಚಹದ ಲೋಟ ಹಿಡಿದು ಬಂದವಳು ಎಂದಿನಂತೆ, “ದೂರಾನಾ?” ಎಂದೆ.

“ಇಲ್ರೀ, ಇಲ್ಲೇ ಬೆಟ್ಟಕ್ಕ. ತಲೀ ಕೆಟ್ಟು ಹೋಗೇತಿ ಆ ಪ್ಲಾಸ್ಟಿಕ್ ಹಲ್ಲು ನೋಡಿ ನೋಡಿ. ನಾಳೆ ಸಂಜೀಗೆ ಬಂದಬಿಡ್ತೀನಿ. ಹೋಗಿ ಬರ್ತೀನ್ರೀ.”

“ಹೋಗಿ ಬಾರಮ್ಮ. ರೊಟ್ಟಿ ಇಟ್ಕೊಂಡ್ಯಾ? ಟೋಪಿ?”

ನೋಡಿ, ರೊಟ್ಟಿಯನ್ನು ಕೇಳಿದೆ, ಟೋಪಿಯನ್ನು ಕೇಳಿದೆ. ‘ಇಲ್ಲೇ’ ಎಂಬ ಮಾತನ್ನು, ಅಂಗಡಿಯಲ್ಲಾದರೆ ಹಿಂದೆಮುಂದೆ ತಿರುಗಿಸಿ ನೋಡದೆ ಬಿಡದವಳು, ಹಾಗೆಯೇ ಒಳಗೆ ಹಾಕಿಕೊಂಡೆ.

ಭಾನುವಾರ ಮಧ್ಯಾಹ್ನ ತೆಂಕಣ ಗಾಳಿ ಎದ್ದು ಒಳನಾಡಿನ ಬೆಟ್ಟಗಳಿಗೆಲ್ಲ ಹಿಮ ಬಿತ್ತು. ಸಂಜೆಗೆ ಅವಳು ಬರಲಿಲ್ಲ, ಫೋನೂ ಹತ್ತಲಿಲ್ಲ. ರಸ್ತೆ ಕಟ್ಟಿರಬೇಕು, ಗೆಳತಿಯರ ಮನೆಯಲ್ಲಿ ಉಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಒಂದು ರಾತ್ರಿಯನ್ನು ಕಳೆದೆ. ಸೋಮವಾರ ಕ್ಲಿನಿಕ್ಕಿನಿಂದಲೇ ಫೋನು ಬಂದಾಗ ಪೊಲೀಸರಿಗೆ ತಿಳಿಸಿದೆ. ಬಂದವನು ಮೃದು ಮಾತಿನ ನಡುವಯಸ್ಸಿನ ಅಧಿಕಾರಿ. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಎಲ್ಲಿಗೆ ಹೋಗಿದ್ದಾಳೆ ಎಂದು ಕೇಳಿದ. ಇಲ್ಲೇ ಬೆಟ್ಟಕ್ಕೆ ಎಂದೆ. ಯಾವ ಬೆಟ್ಟ ಎಂದ. ಡನೀಡಿನ್ನಿನಲ್ಲಿ ನಿಂತು ಸುತ್ತ ನೋಡಿದರೆ ಕಾಣುವುದೆಲ್ಲ ಬೆಟ್ಟವೇ. “ನೀವು ಕೇಳಲಿಲ್ಲವೇ?” ಎಂದು ಅವನು ಮೆಲ್ಲಗೆ ವಿಚಾರಿಸಿದಾಗ, ಹೊರಟವರನ್ನು ನಮ್ಮಲ್ಲಿ ಹಾಗೆ ಕೇಳುವುದಿಲ್ಲವೆಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಅವನು ನಗಲಿಲ್ಲ, ಹುಬ್ಬು ಗಂಟಿಕ್ಕಲೂ ಇಲ್ಲ, ನಾನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡ. ಅದನ್ನು ಏನೆಂದು ಬರೆದುಕೊಂಡನೋ ಎಂದು ಈಗಲೂ ಯೋಚಿಸುತ್ತೇನೆ.

ನನ್ನ ‘ಇಲ್ಲೇ’ಯನ್ನು ನಂಬಿ ಅವರು ಆ ದಿನವೂ ಮಂಗಳವಾರವೂ ಊರ ಸುತ್ತಣ ಬೆಟ್ಟಗಳನ್ನು ಜಾಲಾಡಿದರು. ಮಂಗಳವಾರ ಸಂಜೆ, ಮೂರು ಗಂಟೆ ದಾರಿಯಾಚೆ, ಕಣಿವೆಯೊಂದರ ರಸ್ತೆ ಮುಗಿಯುವಲ್ಲಿ, ಹಿಮ ಹೊದ್ದ ಅವಳ ಕಾರನ್ನು ಕುರಿ ಸಾಕುವವನೊಬ್ಬ ಕಂಡು ತಿಳಿಸಿದ. ಬುಧವಾರ ಬೆಳಿಗ್ಗೆ ಹುಡುಕುವವರು ಅಲ್ಲಿಂದ ಮೇಲಿನ ಗುಡಿಸಲೊಂದನ್ನು ಮುಟ್ಟಿದರು. ಈ ದೇಶದಲ್ಲಿ ಅಂಥ ಪ್ರತಿ ಗುಡಿಸಲಿನಲ್ಲೂ ಒಂದು ಪುಸ್ತಕವಿರುತ್ತದೆ. ತಂಗಿದವರು ಹೆಸರು ಬರೆದು, ಎಲ್ಲಿಂದ ಬಂದೆ, ನಾಳೆ ಯಾವ ಕಡೆ ಹೋಗುತ್ತೇನೆ ಎಂದು ದಾಖಲಿಸಬೇಕು. ಪಲ್ಲವಿ ಹೆಸರು ಬರೆದಿದ್ದಳು, ಎಲ್ಲಿಂದ ಎಂಬಲ್ಲಿ ರಾಣೆಬೆನ್ನೂರು ಎಂದು ಬರೆದಿದ್ದಳು, ಎಲ್ಲಿಗೆ ಎಂಬಲ್ಲಿ ಒಂದು ಗೀಟು ಎಳೆದಿದ್ದಳು. ಹೋಗುವ ಮುಂಚೆ ಹೇಳಿಕೊಂಡರೆ ದಾರಿ ಕೈಗೂಡುವುದಿಲ್ಲವೆಂದು ಅವಳ ಮನೆಯಲ್ಲೂ ಕಲಿಸಿದ್ದರಂತೆ. ನಾವಿಬ್ಬರೂ ಬೇರೆ ಬೇರೆ ಜಿಲ್ಲೆಯವರು, ಮಾತಿನ ಧಾಟಿ ಬೇರೆ, ಸಾರಿನ ರುಚಿ ಬೇರೆ. ಆ ಗೀಟಿನಲ್ಲಿ ಮಾತ್ರ ಒಂದೇ ಮನೆಯವರು. ಯಾವ ಕಡೆ ಹೋದಳೆಂದು ತಿಳಿಯದೆ ಎರಡು ಕಣಿವೆಗಳನ್ನು ಸುತ್ತಿದಮೇಲೆ, ಮೂರನೆಯದರ ನೆತ್ತಿಯಲ್ಲಿ, ಬಂಡೆಯೊಂದರ ಅಡಿಯಲ್ಲಿ ಅವಳ ನೀಲಿ ಚೀಲ ಹೆಲಿಕಾಪ್ಟರಿಗೆ ಕಂಡಾಗ ಮಧ್ಯಾಹ್ನ ಮುಗಿಯುತ್ತ ಬಂದಿತ್ತು.

ಭಾನುವಾರದ ಹಿಮದಲ್ಲಿ ದಾರಿ ತಪ್ಪಿ, ಮೂರು ರಾತ್ರಿ ಅವಳು ಆ ಬಂಡೆಯಡಿಯಲ್ಲಿದ್ದಳು. ಖಾಲಿ ಮಾಡಿದ ಚೀಲದೊಳಗೆ ಕಾಲು ತೂರಿಸಿ, ಒದ್ದೆಯಾದ ಮಲಗುಚೀಲವನ್ನು ಹೊದ್ದು, ಬೆನ್ನನ್ನು ಕಲ್ಲಿಗೆ ತಾಗಿಸದೆ ಕೂತಿದ್ದಳಂತೆ. ರೊಟ್ಟಿಯನ್ನು ಬೆಳಿಗ್ಗೆ ಒಂದು ಚೂರು, ಸಂಜೆ ಒಂದು ಚೂರು ಬಾಯಲ್ಲಿಟ್ಟು ಅದು ತಾನಾಗಿ ನೆನೆಯುವವರೆಗೆ ಕಾಯುತ್ತಿದ್ದಳಂತೆ. ನಿದ್ದೆ ಹೋದರೆ ಏಳುವುದಿಲ್ಲವೆಂಬ ಭಯಕ್ಕೆ ನಾಲಿಗೆಯಿಂದ ತನ್ನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ ಅವುಗಳ ಹೆಸರು, ನರ, ಬೇರು ಎಲ್ಲ ಒಪ್ಪಿಸುತ್ತಿದ್ದಳಂತೆ. ಆದರೆ ಆಸ್ಪತ್ರೆಯ ಮಂಚದಲ್ಲಿ ಅವಳು ಹೇಳಿದ ಮಾತುಗಳಲ್ಲಿ ನನ್ನನ್ನು ಚುಚ್ಚಿ ಉಳಿದದ್ದು ಇನ್ನೊಂದು.

“ಎರಡನೇ ದಿನ ಫೋನಿಗೆ ಒಂದ್ ಕಡ್ಡಿ ಸಿಗ್ನಲ್ ಬಂತ್ರಿ ಆಂಟಿ. ಎಲ್ಲಿದೀನಿ ಅಂತ ನಿಮಗ ಮೆಸೇಜ್ ಹಾಕೋಣಂತ ಬಲಗೈ ಗ್ಲೌಸ್ ತಗದೆ. ಗಾಳಿ ಹೊಡಕೊಂಡು ಹೋತು. ಮೆಸೇಜೂ ಹೋಗ್ಲಿಲ್ಲ.”

ಶನಿವಾರ ಬಾಗಿಲಲ್ಲಿ ಬಾಯಿಮಾತಿಗೆ ಸಿಗಬಹುದಾಗಿದ್ದ ಉತ್ತರವದು. ಅದನ್ನು ನನಗೆ ತಲುಪಿಸಲು ಹೋಗಿ ಅವಳ ಬಲಗೈ ಎರಡು ಹಗಲು ಎರಡು ರಾತ್ರಿ ಬತ್ತಲೆಯಾಗಿ ಹಿಮದಲ್ಲಿತ್ತು.

ಅವಳ ತಾಯಿಗೆ ಫೋನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಎಂದೇ ಕಾದಿದ್ದೆ. ಬೈಗುಳಕ್ಕೆ ನಾನು ಹೊಸಬಳಲ್ಲ, ಅದನ್ನು ಹೊತ್ತು ಇಳಿಸಬಲ್ಲೆ. ಆ ತಾಯಿ ಬಹಳ ಹೊತ್ತು ಅತ್ತು, “ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಹೊಂಟು ನಿಂತಾಕಿನ್ನ ಎಲ್ಲಿಗೆ ಅಂತ ಹೆಂಗ ಕೇಳಬೇಕ್ರಿ? ನಾ ಇದ್ರೂ ಕೇಳ್ತಿರಲಿಲ್ಲ,” ಎಂದರು. ಆ ಕ್ಷಮೆಯನ್ನು ಎಲ್ಲಿ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ.

ಹಿಮ ಕಚ್ಚಿದ ಬೆರಳನ್ನು ವೈದ್ಯರು ಕೂಡಲೇ ಕತ್ತರಿಸುವುದಿಲ್ಲ. ಸತ್ತದ್ದು ಎಲ್ಲಿಗೆ ನಿಲ್ಲುತ್ತದೆ, ಬದುಕಿದ್ದು ಎಲ್ಲಿಂದ ಶುರುವಾಗುತ್ತದೆ ಎಂದು ಬೆರಳೇ ಗೆರೆ ಎಳೆದು ತೋರಿಸುವವರೆಗೆ ವಾರಗಟ್ಟಲೆ ಕಾಯುತ್ತಾರೆ. ದಿನವೂ ಹೋಗಿ ಆ ಗೆರೆಯನ್ನು ನೋಡುತ್ತಿದ್ದೆ. ಹೆಬ್ಬೆರಳು ಉಳಿಯಿತು. ತೋರುಬೆರಳು, ನಡುಬೆರಳು ಕಪ್ಪಾಗಿ, ಗೆರೆ ಎರಡನೆಯ ಗಿಣ್ಣಿನ ಹತ್ತಿರ ನಿಂತಿತು. ಶಸ್ತ್ರವೈದ್ಯೆ ಬಂದು ವಿವರಿಸಿದಾಗ ನನ್ನೊಳಗಿನ ವ್ಯಾಪಾರಿ ತಡೆಯಲಾರದೆ ಎದ್ದು ನಿಂತಳು. ಮೇಲಿನ ಗಿಣ್ಣಿಗೇ ನಿಲ್ಲಿಸಿರೆಂದೆ. ಇನ್ನೆರಡು ವಾರ ಕೊಡಿರೆಂದೆ. ಹೋಗಲಿ, ಒಂದು ಬೆರಳಿಗಾದರೂ ಅರ್ಧ ಗಿಣ್ಣು ಹೆಚ್ಚು ಬಿಡಿ, ಇವಳು ದಂತವೈದ್ಯೆ, ಇವಳಿಗೆ ಆ ಅರ್ಧವೇ ಬದುಕು ಎಂದು, ಕುರ್ಚಿ ಮೇಜಿಗೆ ಚೌಕಾಸಿ ಮಾಡುವ ಹಾಗೆ, ಒಂದೊಂದೇ ಮೆಟ್ಟಿಲು ಇಳಿಯುತ್ತ ಬೇಡಿದೆ.

“ಆಂಟಿ,” ಎಂದಳು ಪಲ್ಲವಿ, ಗೋಡೆಯ ಕಡೆ ತಿರುಗಿ. “ಅವ್ರು ನಿಮ್ಮ ಗಿರಾಕಿ ಅಲ್ರಿ. ಸಾಕು, ಕುಂದರ್ರಿ.”

ನಾನು ಕೂತೆ.

ಆ ಎರಡು ಬೆರಳೂ ಹೋದವು, ಪರೀಕ್ಷೆಯ ದಿನವೂ ಬಂದು ಹೋಯಿತು. ಈಗ ಅವಳು ಅದೇ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುತ್ತಾಳೆ, ಬಂದವರಿಗೆ ಸಮಯ ಗೊತ್ತುಮಾಡುತ್ತಾಳೆ. ಭಾನುವಾರ ನಮ್ಮ ಅಡುಗೆಮನೆಯಲ್ಲಿ ಸದ್ದಿಲ್ಲ. ರೊಟ್ಟಿ ಬಡಿಯಲು ನಾನೇ ಒಮ್ಮೆ ಹೋಗಿ ಹಿಟ್ಟೆಲ್ಲ ಹರಿದುಹೋದಾಗ ಕೈಬಿಟ್ಟೆ. ಬದುಕಿ ಬಂದಳಲ್ಲ, ಅದೇ ದೊಡ್ಡದು ಎಂದು ಪರಿಚಿತರೆಲ್ಲ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಅಂಗಡಿಯಲ್ಲಿ ಒಡೆದ ಹೂದಾನಿಗೆ ‘ಚೂರು ಬಿರುಕಷ್ಟೇ’ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ನಾನದನ್ನು ಹೇಳುತ್ತಿದ್ದೆನೆಂದು ತಿಳಿದಮೇಲೆ ಬಿಟ್ಟುಬಿಟ್ಟೆ.

ಹೋದ ವಾರ ನನ್ನ ಎಡಗೆನ್ನೆ ಊದಿಕೊಂಡಿತು. ಲವಂಗ ಒತ್ತಿಕೊಂಡು ಮರೆಸಲು ನೋಡಿದೆ. ಅವಳ ಕಣ್ಣಿಗೆ ಬಿತ್ತು. ಮಹಡಿಗೆ ಹೋಗಿ ಸಲಕರಣೆಯ ಪೆಟ್ಟಿಗೆ ತಂದಳು, ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. “ಬಾಯಿ ತೆಗೀರಿ.” ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ಬಲಗೈಯ ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಕೊಕ್ಕೆಯಂಥ ಕಡ್ಡಿಯನ್ನು ಸಿಕ್ಕಿಸಿಕೊಂಡಳು. ಅದು ನನ್ನ ಹಲ್ಲಿನ ಮೇಲೆ ಒಮ್ಮೆ ಕೂತು ಜಾರಿತು. ಮತ್ತೆ ಕೂರಿಸಿದಳು, ಮತ್ತೆ ಜಾರಿತು. ಮೂರನೆಯ ಸಲ ಅದು ನೆಲಕ್ಕೆ ಬಿದ್ದು ಉರುಳಿತು. ಅವಳು ಬಗ್ಗಿ ಎತ್ತಲಿಲ್ಲ. ಕನ್ನಡಿಯನ್ನು ಮಾತ್ರ ತೆಗೆಯದೆ, ಒಂದೊಂದೇ ಹಲ್ಲನ್ನು ನೋಡಿದಳು. ಎಲ್ಲರಿಗೂ ಏನಾದರೊಂದು ಹೇಳಲು ಸದಾ ಮಾತಿಟ್ಟುಕೊಂಡಿರುವ ನಾನು, ತೆರೆದ ಬಾಯಿ ತೆರೆದಂತೆಯೇ ಅವಳ ಮುಖವನ್ನು ನೋಡುತ್ತಿದ್ದೆ.

“ಕೆಳಗಿನ ದವಡಿ ಹಲ್ಲು ಪೂರಾ ಹುಳಕಾಗೇತ್ರಿ ಆಂಟಿ,” ಎಂದಳು ಕೊನೆಗೆ, ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತ. “ಬೇರು ಗಟ್ಟಿ ಐತಿ, ಉಳಸಬಹುದು. ಲಗೂನ ತೋರಸ್ರಿ, ಯಾರಾದ್ರೂ ಒಳ್ಳೆ ಡಾಕ್ಟರಿಗೆ.”